ಲಿಂಟಲ್ ಇಲ್ಲದ ಕಿಟಕಿ

ಬನ್ನಿ, ಹತ್ತಿರ ಕೂತುಕೊಳ್ಳಿ. ಗೋಡೆಗೆ ಒರಗಿದವರು ಸ್ವಲ್ಪ ಮುಂದಕ್ಕೆ ಸರೀರಿ. ಕಾಲು ಚಾಚಿದವರು ಮಡಚಿಕೊಳ್ಳಿ, ಇವತ್ತು ಯಾರೂ ಯಾರ ಕಾಲನ್ನೂ ದಾಟೋದು ಬೇಡ. ಆ ಬಾಗಿಲು ಓರೆ ಮಾಡಿಡು ಮಗಾ, ಚಿಲಕ ಹಾಕಬೇಡ... ಯಾಕೆ ಅಂತ ಕೊನೇಲಿ ನೀನೇ ಹೇಳ್ತೀಯ.

ಇದು ಊರ ಬಾಯಲ್ಲಿ ಉರುಳಿ ಬಂದದ್ದಲ್ಲ. ನನ್ನ ಒಡಹುಟ್ಟಿದ ತಂಗಿಯ ಮಗಳು ಪಾಂಡೀಶ್ವರಿಗೆ ಆದದ್ದು. ಅವಳು ಬ್ಲೌಸ್ ಹೊಲಿಯೋಳು. ಒಂದು ನೂಲೆಳೆ ಹೆಚ್ಚುಕಮ್ಮಿ ಆದರೂ ತಾನೇ ಬಿಚ್ಚಿ ಮತ್ತೆ ಹೊಲಿದು ಕೊಡೋ ಹೆಣ್ಣು. ಅವಳ ಬಾಯಲ್ಲಿ ಬಂದದ್ದನ್ನ ನಾನು ಕೂಡಿಸಿಲ್ಲ, ಕಳೆದಿಲ್ಲ.

ಎರಡು ವರ್ಷದ ಹಿಂದೆ, ವೈಕಾಸಿ ಮಾಸ, ಬೇಸಿಗೆ ಮುಗಿಯೋ ಹೊತ್ತು. ಪಾಂಡೀಶ್ವರಿ, ಅವಳ ಗಂಡ ಮಾದವನ್, ಇಬ್ಬರೂ ಉತ್ತಮಪಾಳಯಂನಿಂದ ಟೌನ್ ಬಸ್ಸು ಹತ್ತಿ ಗೂಡಲೂರಲ್ಲಿ ಇಳಿದರು. ಮಾದವನದು ಏಲಕ್ಕಿ ವ್ಯಾಪಾರ, ಅಂಗಡಿ ಮುಚ್ಚಿ ಹೊರಡೋದೇ ತಡ ಆಗಿತ್ತು. ಇಳಿದಾಗ ಕತ್ತಲೆ. ಕುಮಳಿ ಮಲೆ ಕಡೆಯಿಂದ ಗಾಳಿ. ಬಾಳೆ ತೋಟದ ಎಲೆಗಳು ಪಟಪಟ ಅಂತ ಹೊಡೆದುಕೊಳ್ತಿದ್ದವು. ತೋಟ ದಾಟಿದರೆ ಒಂದು ಆಲದ ಮರ, ಅದರ ಬುಡದಲ್ಲಿ ಬಾವಿ. ಬಾವಿಗೆ ಕಬ್ಬಿಣದ ಬಲೆ ಹಾಕಿದ್ದರು. ಪಕ್ಕದ ನಲ್ಲಿಯಲ್ಲಿ ಒಬ್ಬ ಹೆಂಗಸು ಬಿಂದಿಗೆ ಹಿಡಿದು ನಿಂತಿದ್ದಳು. ನಮ್ಮವಳೇ, ಈ ತಮಿಳು ಸೀಮೆಯಲ್ಲಿ ಮನೇಲಿ ಕನ್ನಡ ಆಡೋ ಜನ. ರಂಗಮ್ಮಾಳ್ ಅಂತ.

"ಯಾರ ಮನೆಗೆ?" ಅಂತ ಮೆಲ್ಲಗೆ ಕೇಳಿದಳು.

"ವಿಘ್ನೇಶ್ವರನ್ ಮನೆ ನೋಡೋಕೆ ಅಕ್ಕಾ."

"ಕೊಳ್ಳೋಕಾ?"

"ಮೊದಲು ನೋಡೋಣ ಅಂತ."

ಬಿಂದಿಗೆ ತುಂಬಿ ಚೆಲ್ಲಿತು. ಅವಳು ನಲ್ಲಿ ನಿಲ್ಲಿಸಲಿಲ್ಲ. "ಹಗಲು ಬಂದು ನೋಡಬಾರದಾ..." ಅಂದಳು. ಅಷ್ಟೇ. ಬಿಂದಿಗೆ ಸೊಂಟಕ್ಕಿಟ್ಟು ಹೋಗಿಬಿಟ್ಟಳು.

ಆ ಬೀದಿಯ ಕೊನೆ ಮನೆ. ಪಕ್ಕದಲ್ಲಿ ಒಬ್ಬರು ನಡೆಯೋಷ್ಟು ಸಂದಿ. ಸಂದಿ ಬಾಯಿಗೆ ಬಂದಾಗ ಪಾಂಡೀಶ್ವರಿಗೆ ಒಂದು ಸದ್ದು ಕೇಳಿತು. ಣಕ್... ಣಕ್... ಣಕ್... ಆಮೇಲೆ ಸರ್ರ್ ಅಂತ ಕೆರೆದ ಹಾಗೆ. ಹಲ್ಲಿಲ್ಲದ ಮುದುಕರು ಎಲೆ ಅಡಿಕೆ ಕುಟ್ಟೋ ಕಬ್ಬಿಣದ ಕುಟ್ಟಾಣಿ ಇರುತ್ತಲ್ಲ, ಅದರ ಸದ್ದು.

ಮನೆ ಮಾರೋ ವಿಘ್ನೇಶ್ವರನ್ ಬಾಗಿಲಲ್ಲೇ ಕಾಯ್ತಿದ್ದ. ಪಾಂಡೀಶ್ವರಿ ಕೇಳಿದಳು, "ಮನೇಲಿ ದೊಡ್ಡವರು ಇದ್ದಾರಾ ಅಣ್ಣ?"

"ಯಾರೂ ಇಲ್ಲಮ್ಮಾ. ಮನೆ ಖಾಲಿಯಾಗಿ ಹತ್ತು ತಿಂಗಳು," ಅಂದ ಅವನು. ಅಂದು, ಎಲ್ಲ ದೀಪ ಹಾಕಿದ.

ಮನೆ ಚೆನ್ನಾಗಿತ್ತು. ಮುಂದೆ ದೊಡ್ಡ ಹಜಾರ, ಎರಡು ಕೋಣೆ, ಅಡುಗೆಮನೆ. ಹಿಂದಿನ ಮೂಲೆಯಲ್ಲಿ ಇನ್ನೊಂದು ಕೋಣೆ. "ಮೂರು ಬೆಡ್‌ರೂಮು," ಅಂದ ವಿಘ್ನೇಶ್ವರನ್, ಕಲ್ಯಾಣಕ್ಕೆ ಹೆಣ್ಣು ತೋರಿಸೋ ಹಾಗೆ. ಆ ಮೂರನೇ ಕೋಣೆಯ ದೀಪ ಮಾತ್ರ ಹತ್ತಲಿಲ್ಲ. ಬಲ್ಬು ಹೋಗಿದೆ ಅಂದ.

ಇವರಿಗೆ ಬೇಕಾದದ್ದು ಆ ಮೂರನೆಯದೇ. ಯಾಕೆ ಅಂತ ಹೇಳ್ತೀನಿ.

ಮಾದವನ ಅವ್ವ ಪೊನ್ನುತಾಯಿಗೆ ಆಗ ಎಪ್ಪತ್ತೆರಡು. ಆ ಹೆಂಗಸು ಹುಟ್ಟಿದಾಗಿನಿಂದ ತನ್ನದು ಅಂತ ಒಂದು ಕೋಣೆ ಕಂಡವಳಲ್ಲ. ತೌರಲ್ಲಿ ಒಂಬತ್ತು ಮಕ್ಕಳ ಜೊತೆ ಹಜಾರದಲ್ಲಿ. ಗಂಡನ ಮನೆಯಲ್ಲಿ ಕೊಟ್ಟಿಗೆಯ ಜಗಲಿಯಲ್ಲಿ. ಉತ್ತಮಪಾಳಯಂನ ಬಾಡಿಗೆ ಮನೆಯಲ್ಲಿ ಹಜಾರಕ್ಕೂ ಅಡುಗೆಮನೆಗೂ ನಡುವೆ, ನಡೆಯೋ ದಾರಿಯಲ್ಲಿ. ರಾತ್ರಿ ನೀರಿಗೆ ಎದ್ದವರು ಅವಳ ಕಾಲು ದಾಟಿಯೇ ಹೋಗಬೇಕು.

"ದಾಟಿದೋರು ತಿರುಗಿ ಈ ಕಡೆಗೆ ದಾಟ್ರೋ," ಅಂತಿದ್ದಳು ಕಣ್ಣು ಮುಚ್ಚಿಕೊಂಡೇ. "ಇಲ್ಲಾಂದ್ರೆ ನಾನು ಬೆಳೆಯೋದು ನಿಂತುಹೋಗ್ತದೆ."

ಎಲ್ಲರೂ ನಗೋರು. ಮನೆ ಕೊಳ್ಳೋ ಮಾತು ಬಂದ ದಿನ ಮಾತ್ರ ಅವಳು ನಗಲಿಲ್ಲ. "ಮಾದವಾ, ಬಂಗಾರ ಬೇಡ, ಬಟ್ಟೆ ಬೇಡ. ಒಳಗಿಂದ ಚಿಲಕ ಹಾಕೋ ಒಂದು ಕೋಣೆ. ಸಾಯೋಕೆ ಮುಂಚೆ ಚಿಲಕ ಹಾಕ್ಕೊಂಡು ಕಾಲು ಚಾಚಿ ಮಲಗಬೇಕು ನಾನು," ಅಂದಳು.

ಅತ್ತೆ ಸೊಸೆ ಹಗಲೆಲ್ಲ ಕಿತ್ತಾಡೋರು. ಆದರೂ ಆ ಮಾತು ಪಾಂಡೀಶ್ವರಿಯ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿದುಬಿಟ್ಟಿತು. ಆ ದಾರಿಯಲ್ಲಿ ಹೆಚ್ಚು ಸಲ ಆ ಕಾಲು ದಾಟಿದೋಳು ಅವಳೇ ತಾನೆ.

ಬ್ಯಾಂಕಿನವರು ಮನೆ ನೋಡಿ ಬರೆಯೋಕೆ ಮುತ್ತುಕುಮಾರ್ ಅನ್ನೋ ಎಂಜಿನಿಯರನ್ನ ಕಳಿಸಿದರು. ಹಗಲು ಹನ್ನೊಂದು ಗಂಟೆ. ಉಕ್ಕಿನ ಟೇಪು ಎಳೆದು ಕೋಣೆ ಕೋಣೆ ಅಳೆದ. ಮೂರನೇ ಕೋಣೆಗೆ ಬಂದವನು ಟಾರ್ಚು ಹಾಕಿ ನಾಲ್ಕು ಗೋಡೆ ನೋಡಿದ. ಒಂದು ಗೋಡೆಯ ಆಚೆ ಹಜಾರ. ಇನ್ನೊಂದರ ಆಚೆ ಅಡುಗೆಮನೆ. ಮೂರನೆಯದರ ಆಚೆ ರಂಗಮ್ಮಾಳ ಮನೆ. ನಾಲ್ಕನೆಯದರ ಆಚೆ ಸಂದಿ.

"ಇದು ಸ್ಟೋರ್," ಅಂದ.

"ಬೆಡ್‌ರೂಮು ಸಾರ್," ಅಂದ ವಿಘ್ನೇಶ್ವರನ್.

"ನೀವು ಮಂಚ ಹಾಕಿದ್ರೆ ಬೆಡ್‌ರೂಮ್ ಆಗಲ್ಲ. ಅಗಲ ಎಂಟಡಿ ಇದೆ, ಸರಿ. ಎತ್ತರ ಇದೆ, ಸರಿ. ಗಾಳಿ ಎಲ್ಲಿಂದ ಬರುತ್ತೆ? ಜನ ಮಲಗೋ ಕೋಣೆಗೆ ಬಯಲಿಗೆ ತೆರೆಯೋ ಕಿಟಕಿ ಇರಬೇಕು. ಹಜಾರಕ್ಕೆ ತೆರೆದ್ರೆ ಆಗಲ್ಲ. ನೆಲದ ಹತ್ತರಲ್ಲಿ ಒಂದು ಪಾಲಾದ್ರೂ ಕಿಟಕಿ. ಒಳಗಿರೋದು ಉಸಿರಾಡೋ ಮನುಷ್ಯ, ಅಕ್ಕಿ ಮೂಟೆ ಅಲ್ಲವಲ್ಲ. ಕಿಟಕಿ ಇಟ್ಟು ಕರೀರಿ, ಬಂದು ಬರ್ಕೊಡ್ತೀನಿ. ಅಲ್ಲೀತನಕ ಇದು ಸ್ಟೋರ್."

ವಿಘ್ನೇಶ್ವರನ್ ಮುಖ ಇಳಿಯಿತು. "ತಾರಸಿ ಮೇಲೆ ಒಂದು ಗಾಜು ಹಾಕಿದ್ರೆ ಸಾರ್? ಬೆಳಕು ಬರುತ್ತೆ..."

"ತಾರಸಿ ಕೊಯ್ಯೋಕೆ ಬಿಡಲ್ಲ ನಾನು. ಸಂದಿ ಕಡೆ ಗೋಡೆ ಇದೆಯಲ್ಲ, ಅಲ್ಲಿ ಇಡಿ."

ವಿಘ್ನೇಶ್ವರನ್ ಆ ಗೋಡೆ ಕಡೆ ತಿರುಗಿ ನೋಡಲೇ ಇಲ್ಲ. ಅದನ್ನ ಪಾಂಡೀಶ್ವರಿ ಕಂಡಳು. ಕಂಡು, ಸೆಕೆಗೆ ಬೇಸತ್ತಿದ್ದಾನೆ ಅಂತ ಅಂದುಕೊಂಡಳು.

ಸ್ಟೋರ್ ಅನ್ನೋ ಮಾತು ಮನೆಗೆ ಮುಟ್ಟಿದಾಗ ಪೊನ್ನುತಾಯಿ ಅಕ್ಕಿ ಆರಿಸ್ತಿದ್ದಳು. "ಹಾಗಾದ್ರೆ ನಾನು ಮೂಟೆ," ಅಂದಳು. "ಈ ಅಕ್ಕಿ ಪಕ್ಕ ನನ್ನನ್ನೂ ಇಟ್ಟುಬಿಡಿ, ಇಲಿ ಕಾಯ್ತೀನಿ." ಆಮೇಲೆ ಮೊರ ಕೆಳಗಿಟ್ಟಳು. "ಕಾಗದದಲ್ಲಿ ಮಲಗೋ ಕೋಣೆ ಅಂತ ಬರೆಯೋವರೆಗೂ ಆ ಮನೆ ಹೊಸ್ತಿಲು ನಾನು ನೋಡಲ್ಲ."

ನೋಡಲಿಲ್ಲ. ಎಲ್ಲ ಕೆಟ್ಟದ್ದು ಅಲ್ಲೇ. ಅವಳು ಒಂದು ಸಲ ಬಂದು ಆ ಗೋಡೆ ನೋಡಿದ್ದರೆ... ಅವಳಿಗೆ ಗೊತ್ತಾಗಿಬಿಡ್ತಿತ್ತು.

ವಿಘ್ನೇಶ್ವರನ್ ಒಡೆದುಕೊಳ್ಳಿ ಅಂತ ಬೀಗದಕೈ ಕೊಟ್ಟ, ತಾನು ಬರಲಿಲ್ಲ. ಗೋಡೆ ಒಡೆಯೋಕೆ ಬಂದವನು ಮೇಸ್ತ್ರಿ ಆಂಡಿ. ಕರಣೆ ಹಿಡಿಯಲ್ಲಿ ಗೋಡೆ ತಟ್ಟಿಕೊಂಡು ಹೋದ. ಟಣ್, ಟಣ್, ಟಣ್... ನಡುವೆ ಒಂದು ಕಡೆ ಬೊದ್. ಮತ್ತೆ ತಟ್ಟಿದ. ಬೊದ್, ಬೊದ್. ಬಣ್ಣದ ಕೆಳಗೆ ಒಂದು ಚೌಕ ಇತ್ತು. ಸೊಂಟದ ಮಟ್ಟದಿಂದ ಮೇಲಕ್ಕೆ, ಮೂರಡಿ ಅಗಲ, ಮೂರಡಿ ಎತ್ತರ.

"ಅಯ್ಯೋ, ಕೆಲಸ ಸುಲಭ ಆಯ್ತಲ್ಲ," ಅಂದ ಮಾದವನ್. "ಮುಂಚೆ ಕಿಟಕಿ ಇತ್ತು. ಮುಚ್ಚಿದ್ದಾರೆ."

ಆಂಡಿ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಮೇಲೆ ಕೆರೆದು ನೋಡಿದ. "ಕಿಟಕಿ ಆದ್ರೆ ಮೇಲೆ ಲಿಂಟಲ್ ಇರಬೇಕು ಅಣ್ಣ. ಕಿಟಕಿ ಮೇಲಿನ ಗೋಡೆ ಭಾರ ಹೊರೋಕೆ ಕಾಂಕ್ರೀಟಿನ ತೊಲೆ ಹಾಕ್ತೀವಲ್ಲ, ಅದು. ಇದಕ್ಕೆ ಲಿಂಟಲ್ಲೇ ಇಲ್ಲ. ಗೋಡೆ ಕಟ್ಟಿ ಎಷ್ಟೋ ವರ್ಷ ಆದಮೇಲೆ ಯಾರೋ ಒಡೆದಿದ್ದಾರೆ. ಒಡೆದು, ಮುಚ್ಚಿದ್ದಾರೆ."

"ಯಾಕೆ?"

"ನನ್ನ ಕೇಳಿದ್ರೆ? ಮನೆಯವನನ್ನ ಕೇಳಿ."

ಪಾಂಡೀಶ್ವರಿ ಅಲ್ಲೇ ನಿಂತು ವಿಘ್ನೇಶ್ವರನ್‌ಗೆ ಫೋನು ಮಾಡಿದಳು. "ಅಣ್ಣ, ಸಂದಿ ಕಡೆ ಗೋಡೇಲಿ ಮುಂಚೆ ಕಿಟಕಿ ಇತ್ತಾ?"

ಆ ಕಡೆ ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು... ಇನ್ನೊಂದು ಬಸ್ಸು ಹೋಯಿತು...

"ಇತ್ತಮ್ಮಾ," ಅಂದ. "ಇತ್ತು."

ಆಂಡಿಗೆ ಉಳಿ ಬೇಕಾಗಲಿಲ್ಲ. ಆ ಚೌಕದ ಇಟ್ಟಿಗೆ ಸಿಮೆಂಟಲ್ಲಿ ಕೂರಿಸಿದ್ದಲ್ಲ, ಬರೀ ಕೆಸರಲ್ಲಿ. ಒಂದೊಂದೇ ಕೈಗೆ ಬಂದವು, ಅವಸರದಲ್ಲಿ ಇಟ್ಟದ್ದನ್ನ ಅವಸರದಲ್ಲಿ ತೆಗೆದ ಹಾಗೆ. ಕೊನೇ ಸಾಲಿನ ಕೆಳಗೆ ಒಂದು ಎಲಚಿ ಮುಳ್ಳಿನ ಕೊಂಬೆ ಅಡ್ಡ ಮಲಗಿತ್ತು. ಒಣಗಿ ಕಪ್ಪಾಗಿತ್ತು. ಆಂಡಿ ಬೆರಳು ಚುಚ್ಚಿಸಿಕೊಂಡು, ಬೈದು, ಅದನ್ನ ಸಂದಿಗೆ ಎಸೆದ. ಗಾಳಿ ನುಗ್ಗಿತು ಒಳಕ್ಕೆ. ಗಾಳಿ ಬಂತು ಅಂತ ಮಾದವನ್ ನಕ್ಕ.

ಚೌಕಟ್ಟು ಇಟ್ಟರು. ಐದು ಕಬ್ಬಿಣದ ಸರಳು ಹಾಕಿದರು. ಆಂಡಿ ಮೇಲೆ ಲಿಂಟಲ್ ಕೂರಿಸಿದ. ಎಂಜಿನಿಯರ್ ಮತ್ತೆ ಬಂದು, ಕಿಟಕಿ ತೆಗೆದು ಹಾಕಿ ನೋಡಿ, ಬರೆದುಕೊಟ್ಟ. ಆ ಕಾಗದದ ನಕಲನ್ನ ಮೊಮ್ಮಗಳು ಗೋಮತಿ ಪೊನ್ನುತಾಯಿಗೆ ಓದಿದಳು. ಹನ್ನೆರಡನೇ ಕ್ಲಾಸು ಹುಡುಗಿ, ಮನೆಮಾತು ಕೇಳಿದರೆ ತಿಳೀತದೆ, ಬಾಯಿ ತೆಗೆದರೆ ತಮಿಳೇ ಬರೋದು.

"ನಮ್ಮ ಮಾತಲ್ಲಿ ಹೇಳೇ," ಅಂದಳು ಪೊನ್ನುತಾಯಿ. "ತಮಿಳು ನಂಗೆ ತಿಳೀತದೆ. ಖುಷಿ ಆಗೋದು ಮಾತ್ರ ನಮ್ಮ ಮಾತಲ್ಲೇ."

ಗೋಮತಿ ತಡಕಾಡಿ ಹೇಳಿದಳು, "ಮಲಗೋ... ಕೋಣೆ. ಮೂರು, ಅಜ್ಜಿ."

ಆ ಮುದುಕಿ ಕಾಗದವನ್ನ ನಾಲ್ಕಾಗಿ ಮಡಚಿ ಎಲೆಚೀಲದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಲೆ ಹಾಕೋ ಚಟ ಅವಳಿಗೆ ಇರಲಿಲ್ಲ, ಇದನ್ನ ನೆನಪಲ್ಲಿ ಇಟ್ಟುಕೊಳ್ಳಿ. ಎಲೆ ರಸ ಕಂಡರೆ ಹೇಸೋಳು.

ಮೂರು ತಿಂಗಳು ಕಳೆದು, ಆವಣಿ ಮಾಸದಲ್ಲಿ ಗೃಹಪ್ರವೇಶ. ಪಾಂಡೀಶ್ವರಿ ಅತ್ತೆಗೆ ಚಿನ್ನಾಳಪಟ್ಟಿಯಿಂದ ಹಸಿರು ಸೀರೆ ತಂದಳು. ಬಾಗಿಲಿಗೆ ಹೊಸ ಉಕ್ಕಿನ ಚಿಲಕ. ಅದನ್ನ ಅಂಗಡಿಯಲ್ಲಿ ಪೊನ್ನುತಾಯಿಯೇ ಆರಿಸಿದ್ದು, ಹತ್ತು ಚಿಲಕ ಎಳೆದೆಳೆದು ನೋಡಿ. ಆ ರಾತ್ರಿ ಅದರ ಸದ್ದು ಮನೆಗೆಲ್ಲ ಕೇಳಿತು. ಕ್ರೀ...ಕ್... ಟಕ್.

"ನಿಮ್ಮವ್ವ ಕೋಟೆ ಬಾಗಿಲು ಹಾಕಿದಳು," ಅಂದಳು ಪಾಂಡೀಶ್ವರಿ ಗಂಡನಿಗೆ. ಕತ್ತಲೆಯಲ್ಲಿ ಇಬ್ಬರೂ ಮೆಲ್ಲಗೆ ನಕ್ಕರು.

ಎಂಟು ರಾತ್ರಿ ಹಾಗೇ. ಒಂಬತ್ತನೇ ರಾತ್ರಿ ಪಾಂಡೀಶ್ವರಿಗೆ ಎಚ್ಚರ ಆಯಿತು. ಣಕ್... ಣಕ್... ಣಕ್... ಸರ್ರ್... ಸಂದಿ ಕಡೆಯಿಂದ.

ಬೆಳಿಗ್ಗೆ ಅತ್ತೆಯನ್ನ ಕೇಳಿದಳು. ಪೊನ್ನುತಾಯಿ ಸಹಜವಾಗಿ ಹೇಳಿದಳು, "ಯಾರೋ ಮುದುಕಿ. ಕಿಟಕಿ ಕೆಳಗೆ ಕೂತು ಎಲೆ ಕುಟ್ಟುತ್ತಾಳೆ. ಪಾಪ, ಜಾಗ ಇಲ್ಲದೋಳು ಅನ್ನಿಸ್ತದೆ."

ಪಾಂಡೀಶ್ವರಿ ಸಂದಿಗೆ ಹೋಗಿ ನೋಡಿದಳು. ಧೂಳಲ್ಲಿ ಹೆಜ್ಜೆ ಇಲ್ಲ. ಆ ಮುಳ್ಳಿನ ಕೊಂಬೆ ಮಾತ್ರ ಬಿದ್ದಿತ್ತು.

ನಾಲ್ಕು ದಿನ ಕಳೆದ ಮೇಲೆ ಸದ್ದು ಸಂದಿಯಲ್ಲಿ ಇರಲಿಲ್ಲ. ಗೋಡೆಯ ಈಚೆಗಿತ್ತು. ಮನೆಯೊಳಗೆ. ಅದರ ಜೊತೆಗೆ ಅತ್ತೆ ಯಾರ ಹತ್ತಿರವೋ ಪಿಸುಗುಡೋದೂ ಕೇಳಿತು. ಬೆಳಿಗ್ಗೆ ಕಿಟಕಿಯ ಕಟ್ಟೆ ಮೇಲೆ ಕೆಂಪು ಎಲೆ ರಸದ ಕಲೆ. ಪೊನ್ನುತಾಯಿ ಅದನ್ನ ಬೂದಿ ಹಾಕಿ ತಿಕ್ಕುತ್ತಿದ್ದಳು.

"ಸ್ವಲ್ಪ ಸರ್ಕೋ ಅಂತಾಳೆ," ಅಂದಳು, ತಲೆ ಎತ್ತದೆ. "ಸರ್ಕೊಂಡೆ. ಅವಳಿಗೂ ಬೆನ್ನು ನೋವಿರುತ್ತಲ್ಲ."

"ಯಾರಿಗೆ ಅತ್ತೆ?"

"ನಂಗೇನು ಗೊತ್ತು. ಮುಖ ಗೋಡೆ ಕಡೆಗಿರ್ತದೆ."

ಪಾಂಡೀಶ್ವರಿ ಮಾದವನಿಗೆ ಹೇಳಿದಳು. ಅವನು ಅವ್ವನಿಗೆ ವಯಸ್ಸಾಯ್ತು ಅಂದ, ಹೊಸ ಜಾಗ ಅಂದ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಅಂದ. ಹೀಗೇ ಐಪ್ಪಸಿ ಮಾಸ ಕಳೀತು, ಕಾರ್ತಿಕೈ ಕಳೀತು. ಪೊನ್ನುತಾಯಿ ದಿನದಿನಕ್ಕೆ ಮಂಚದ ಅಂಚಿಗೆ ಬಂದಳು. ಹಾಸಿಗೆಯಲ್ಲಿ ಗೋಡೆ ಕಡೆ ಒಂದು ಮೈಯಗಲ ತಗ್ಗು ಬಿದ್ದಿತ್ತು. ಪಾಂಡೀಶ್ವರಿ ಎಷ್ಟು ಸಲ ತಟ್ಟಿ ಸರಿಮಾಡಿದರೂ ಬೆಳಗಾದರೆ ಮತ್ತೆ ಅದೇ ತಗ್ಗು.

ಮಾರ್ಗಳಿ ಚಳಿಯ ಒಂದು ಬೆಳಗಿನ ಜಾವ. ಏಲಕ್ಕಿ ತೋಟಕ್ಕೆ ಹೆಂಗಸರನ್ನ ಹೊತ್ತೊಯ್ಯೋ ಜೀಪುಗಳು ಇನ್ನೂ ಹೊರಟಿರಲಿಲ್ಲ. ಬಾಗಿಲ ರಂಗೋಲಿಗೆ ನೀರು ಚಿಮುಕಿಸೋಕೆ ಎದ್ದ ಪಾಂಡೀಶ್ವರಿ ಅಡುಗೆಮನೆ ಕಡೆ ನಡೆದಳು. ಕಾಲೆತ್ತಿದಳು... ಎತ್ತಿದ ಕಾಲು ಹಾಗೇ ನಿಂತಿತು.

ಕೆಳಗೆ ಮೆತ್ತಗೆ ಏನೋ ಇತ್ತು. ಪೊನ್ನುತಾಯಿ. ಕೋಣೆಯ ಹೊರಗೆ, ಬರಿನೆಲದಲ್ಲಿ, ನಡೆಯೋ ದಾರಿಯಲ್ಲಿ, ಮೈ ಮುದುಡಿಕೊಂಡು.

"ಅತ್ತೆ... ಇಲ್ಲಿ ಯಾಕೆ?"

"ಮಂಚದಲ್ಲಿ ಜಾಗ ಇಲ್ಲ," ಅಂತ ಪಿಸುಗುಟ್ಟಿದಳು ಪೊನ್ನುತಾಯಿ. "ದಾಟು. ಪರವಾಗಿಲ್ಲ, ದಾಟು."

ಪಾಂಡೀಶ್ವರಿ ದಾಟಲಿಲ್ಲ. ಬೆಳಕು ಹರಿಯುತ್ತಲೇ ಪಕ್ಕದ ಮನೆಗೆ ಹೋದಳು. ರಂಗಮ್ಮಾಳ ಕೈ ಹಿಡಿದುಕೊಂಡು, "ಆ ಕೋಣೇಲಿ ಯಾರಿದ್ರು? ನಿಮ್ಮ ಮಕ್ಕಳಾಣೆ, ಹೇಳಿ," ಅಂದಳು.

ರಂಗಮ್ಮಾಳ್ ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದಳು. ಗೋವಿಂದಮ್ಮಾಳ್ ಅಂತ, ವಿಘ್ನೇಶ್ವರನ ಸೋದರತ್ತೆ. ಗಂಡ ಸತ್ತವಳು, ಮಕ್ಕಳಿಲ್ಲದವಳು. ಕಾಲಿನ ಸ್ವಾಧೀನ ಹೋದ ಮೇಲೆ ನಾಲ್ಕು ವರ್ಷ ಆ ಕೋಣೆಯಲ್ಲಿ ಇಟ್ಟಿದ್ದರು. ಅಕ್ಕಿ ಮೂಟೆ, ಹಳೇ ಫ್ಯಾನು, ಗೋವಿಂದಮ್ಮಾಳ್. ಬಂದವರನ್ನೆಲ್ಲ ಒಂದೇ ಮಾತು ಕೇಳೋಳು, ಒಂದು ಕಿಟಕಿ ಇಡಿಸಿಕೊಡಿ ಅಂತ. ಕೈಯಲ್ಲಿ ಕುಟ್ಟಾಣಿ. ಹೊತ್ತು ಹೋಗದಿದ್ದರೆ ಕುಟ್ಟೋಳು. ಎಲೆ ಇಲ್ಲದಿದ್ದರೂ ಬರೀ ಬಟ್ಟಲು ಕುಟ್ಟೋಳು.

"ಸತ್ತ ನಕ್ಷತ್ರ ಕೆಟ್ಟದು," ಅಂದಳು ರಂಗಮ್ಮಾಳ್. "ಅಡೈಪ್ಪು."

ಅಡೈಪ್ಪು ನಿಮಗೆ ಗೊತ್ತಲ್ಲ. ಮೇಲೆ ಕನ್ನಡ ನಾಡಿನವರು ಧನಿಷ್ಠಾ ಪಂಚಕ ಅಂತಾರಂತೆ. ಕೆಲವು ನಕ್ಷತ್ರದಲ್ಲಿ ಜೀವ ಹೋದರೆ ಆ ಜಾಗ ಇಷ್ಟು ತಿಂಗಳು ಅಂತ ಮುಚ್ಚಿಡಬೇಕು. ಕೆಲವು ಮನೆತನಗಳಲ್ಲಿ ಇನ್ನೂ ಒಂದಿದೆ. ಹೆಣವನ್ನ ಬಾಗಿಲಿಂದ ತೆಗೆಯಲ್ಲ. ಗೋಡೆ ಒಡೆದು ತೂತಲ್ಲಿ ತೆಗೀತಾರೆ. ಹೋದವರು ಹೋದ ದಾರಿಯಲ್ಲೇ ತಿರುಗಿ ಬರ್ತಾರೆ ಅನ್ನೋದಕ್ಕೆ. ತೂತು ಮುಚ್ಚಿ ಮುಳ್ಳಿಟ್ಟರೆ, ಬಂದರೂ ದಾರಿ ಸಿಗಲ್ಲ. ಪೊನ್ನುತಾಯಿಯಂಥ ಹಳಬರಿಗೆ ಆ ಕೆಸರು, ಆ ಮುಳ್ಳು ಕಂಡಿದ್ದರೆ ಸಾಕಿತ್ತು.

"ಆ ದಾರಿಗೆ ನೀವು ಚೌಕಟ್ಟು ಇಟ್ಟು ಬಣ್ಣ ಹೊಡೆದಿರಿ ತಾಯಿ," ಅಂದಳು ರಂಗಮ್ಮಾಳ್. "ಸುತ್ತಿಗೆ ಸದ್ದು ಕೇಳಿದಾಗ ನಾನು ಹೇಳಬೇಕಿತ್ತು. ಮದುವೆಗೆ ಬೆಳೆದ ಎರಡು ಹೆಣ್ಣಿರೋನು, ಅವನ ಮನೆ ಮಾರಾಟ ಯಾಕೆ ಕೆಡಿಸಲಿ ಅಂತ ಬಾಯಿ ಮುಚ್ಕೊಂಡೆ."

ಪಾಂಡೀಶ್ವರಿ ಅಲ್ಲಿಂದಲೇ ವಿಘ್ನೇಶ್ವರನ್‌ಗೆ ಫೋನು ಮಾಡಿದಳು. ಕಿಟಕಿ ಇತ್ತು ಅಂತ ಯಾಕೆ ಸುಳ್ಳು ಹೇಳಿದ್ರಿ ಅಂತ ಕೇಳಿದಳು. "ಇಲ್ಲ ಅಂದಿದ್ರೆ ನೀವು ಕೊಳ್ಳುತ್ತಿರಲಿಲ್ಲ," ಅಂದ. ಆಮೇಲೆ, ಪಿಸುದನಿಯಲ್ಲಿ, "ಬಂದಿದ್ದಾಳಾ?" ಅಂತ ಕೇಳಿದ.

ಆ ಮಧ್ಯಾಹ್ನವೇ ಮಾದವನ್ ಆಂಡಿಯನ್ನ ಕರೆಸಿದ. ಇಟ್ಟಿಗೆ, ಸಿಮೆಂಟು, ಮುಳ್ಳು, ಎಲ್ಲ ತಂದಿಟ್ಟರು. ಪೊನ್ನುತಾಯಿ ಹೋಗಿ ಕಿಟಕಿಗೆ ಅಡ್ಡ ನಿಂತುಬಿಟ್ಟಳು.

"ಇದನ್ನ ಮುಚ್ಚಿದ್ರೆ ಏನಾಗ್ತದೆ?"

"ಅವಳು ಬರಲ್ಲ ಅವ್ವ."

"ಕೋಣೆ ಏನಾಗ್ತದೆ ಅಂತ ಕೇಳಿದೆ."

ಮಾದವನ್ ಕೈಯಲ್ಲಿದ್ದ ಇಟ್ಟಿಗೆ ಕೆಳಗಿಟ್ಟ.

"ಸ್ಟೋರ್ ಆಗ್ತದೆ," ಅಂದಳು ಪೊನ್ನುತಾಯಿ. "ಒಬ್ಬಳನ್ನ ಸ್ಟೋರಲ್ಲಿ ಇಟ್ಟೇ ಇಷ್ಟೆಲ್ಲ ಆಗಿರೋದು. ನನ್ನನ್ನೂ ಇಡ್ತೀಯಾ? ಇಲ್ಲ, ತಿರುಗಿ ಆ ಬಾಡಿಗೆ ಮನೆ ದಾರೀಲಿ ಮಲಗಿಸ್ತೀಯಾ?"

"ನನ್ನ ಕೋಣೇಲಿ ಮಲಗಿ ಅತ್ತೆ," ಅಂದಳು ಪಾಂಡೀಶ್ವರಿ. ಅಳು ಬಂದಿತ್ತು ಅವಳಿಗೆ. "ನನ್ನ ಮಂಚದಲ್ಲಿ."

"ಅದು ನಿನ್ನದು ತಾಯಿ. ಇದು ನಂದು." ಸೊಸೆಯ ಕೆನ್ನೆ ಒರೆಸಿದಳು. "ಅವಳ ಹತ್ರ ನಾನು ಮಾತಾಡ್ತೀನಿ. ಇಬ್ಬರೂ ಮುದುಕಿಯರು, ಮಾತಲ್ಲಿ ಮುಗಿಸ್ಕೋತೀವಿ."

ಆ ಸಂಜೆ ತಲೆಗೆ ನೀರು ಹಾಕಿಕೊಂಡಳು. ಚಿನ್ನಾಳಪಟ್ಟಿಯ ಹಸಿರು ಸೀರೆ ಉಟ್ಟಳು. ಕಾಗದ ಸೊಂಟದಲ್ಲಿ ಇದೆಯಾ ಅಂತ ಮುಟ್ಟಿ ನೋಡಿಕೊಂಡಳು. ಒಳಗೆ ಹೋದಳು.

ಕ್ರೀ...ಕ್... ಟಕ್.

ಪಾಂಡೀಶ್ವರಿ ಬಾಗಿಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತಳು. ಪಕ್ಕದಲ್ಲಿ ಮಾದವನ್. ಮೊದಲು ಏನೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ... ಣಕ್... ಣಕ್... ಣಕ್... ಸರ್ರ್. ಮಂಚ ಕಿರುಗುಟ್ಟಿತು, ಒಬ್ಬರು ಕೂತ ಹಾಗೆ.

ಒಳಗೆ ಪಿಸುಮಾತು. ಒಂದು ದನಿ ಒಣ ಎಲೆ ತಿಕ್ಕಿದ ಹಾಗೆ. "ಸರ್ಕೋ."

"ಇಲ್ಲ," ಅಂದಳು ಪೊನ್ನುತಾಯಿ.

"ಸರ್ಕೋ."

"ನಿಂಗೆ ಅನ್ಯಾಯ ಆಗಿದೆ. ಮಾಡಿದೋಳು ನಾನಲ್ಲ. ಇದು ನಂದು, ಬರೆದಿದೆ ನೋಡು."

ಕಾಗದ ಬಿಚ್ಚೋ ಸದ್ದು. ಕುಟ್ಟಾಣಿ ನಿಂತಿತು. ಆಮೇಲೆ ಮಂಚದ ಕಾಲು ಗರ್ ಗರ್ ಅಂತ ನೆಲಕ್ಕೆ ಉಜ್ಜಿತು. ಇಬ್ಬರು ಏದುಸಿರು ಬಿಟ್ಟ ಹಾಗೆ. ಮಾದವನ್ ಎದ್ದು ಬಾಗಿಲು ಗುದ್ದಿದ, ಅವ್ವಾ ಅವ್ವಾ ಅಂತ. ಭುಜ ಕೊಟ್ಟ. ಆ ಚಿಲಕ ಜಗ್ಗಲಿಲ್ಲ, ಹತ್ತರಲ್ಲಿ ಆರಿಸಿ ತಂದದ್ದಲ್ಲವಾ. ಸಂದಿ ಕಡೆ ಏನೋ ಕಬ್ಬಿಣ ಬಿದ್ದ ಸದ್ದು, ಠಣ್ ಅಂತ. ಕಿಟಕಿ ಬಾಗಿಲು ಪಟ್ ಅಂತ ಮುಚ್ಚಿಕೊಂಡಿತು.

ಆಮೇಲೆ ಸದ್ದೇ ಇಲ್ಲ...

ಮಾದವನ್ ಫೋನು ಮಾಡಿದ, ಆಂಡಿ ಓಡಿ ಬಂದ. ಸಂದಿಗೆ ಹೋಗಿ ಚೌಕಟ್ಟು ಕಿತ್ತು, ಆ ತೂತಲ್ಲೇ ಒಳಗಿಳಿದು, ಬಾಗಿಲ ಚಿಲಕ ತೆಗೆದ. ಪೊನ್ನುತಾಯಿ ಮಂಚದ ನಟ್ಟನಡುವೆ ಮಲಗಿದ್ದಳು. ಎರಡೂ ಕಾಲು ಪೂರಾ ಚಾಚಿ. ಜೀವ ಇರಲಿಲ್ಲ. ಗೋಡೆ ಕಡೆಯ ತಗ್ಗು ತುಂಬಿ ಹಾಸಿಗೆ ಸಮ ಆಗಿತ್ತು. ಸಂದಿಯಲ್ಲಿ, ಕಿಟಕಿಯ ಕೆಳಗೆ, ಒಂದು ತುಕ್ಕು ಹಿಡಿದ ಕುಟ್ಟಾಣಿ ಬಿದ್ದಿತ್ತು. ರಂಗಮ್ಮಾಳ್ ನೋಡಿ ಸೆರಗು ಬಾಯಿಗೆ ಇಟ್ಟುಕೊಂಡಳು. ಅದನ್ನ ಗೋವಿಂದಮ್ಮಾಳ ಹೆಣದ ಜೊತೆ ಹೂತದ್ದು ಅವಳ ಕಣ್ಣೆದುರಿಗೇ ಅಂತೆ.

ಪಂಚಾಂಗ ನೋಡಿದರು. ಅಡೈಪ್ಪು. ಆರು ತಿಂಗಳು.

ನಮ್ಮ ಮನೆತನದಲ್ಲಿ ಗೋಡೆ ಒಡೆಯೋ ಪದ್ಧತಿ ಇಲ್ಲ. ಆದರೂ ಅವತ್ತು ಹಿರಿಯರು ಬಾಗಿಲಿಂದ ಬೇಡ ಅಂದರು. ಅವಳನ್ನ ಹಸಿರು ಸೀರೆಯಲ್ಲೇ ಆ ತೂತಲ್ಲಿ ಹೊರಗೆ ತೆಗೆದರು. ನಾನು ಸಂದಿಯಲ್ಲಿ ನಿಂತಿದ್ದೆ. ಕಾಲು ಮೊದಲು ಬಂತು... ನಾನೇ ಹಿಡಿದುಕೊಂಡೆ. ಕಾಗದ ಮಾತ್ರ ಸೊಂಟದಲ್ಲಿ ಇರಲಿಲ್ಲ. ಕೋಣೆಯೆಲ್ಲ ಹುಡುಕಿದರು, ಸಿಗಲಿಲ್ಲ.

ಆಂಡಿ ತೂತು ಮುಚ್ಚಿದ. ಈ ಸಲ ಸಿಮೆಂಟಲ್ಲಿ, ಒಳಗೂ ಹೊರಗೂ ಗಾರೆ ಬಳಿದು, ನಡುವೆ ಮುಳ್ಳಿಟ್ಟು. ಬಾಗಿಲಿಗೆ ಹೊರಗಿಂದ ಬೀಗ ಹಾಕಿದರು. ಮನೆ ಬಿಟ್ಟು ಉತ್ತಮಪಾಳಯಂನ ಬಾಡಿಗೆ ಮನೆಗೇ ಬಂದರು.

ಆರು ತಿಂಗಳು ಕಳೆದು, ಆನಿ ಮಾಸದ ಒಂದು ಹಗಲು, ಶಾಂತಿ ಮಾಡಿಸಿ ಕೋಣೆ ತೆರೆಯೋಕೆ ಹೋದರು. ಮಾದವನ್ ಬೀಗ ತೆಗೆದ. ಬಾಗಿಲು ತಳ್ಳಿದ. ಒಂದು ಬೆರಳಷ್ಟು ಹಿಂದಕ್ಕೆ ಹೋಗಿ ನಿಂತಿತು. ಆ ಬೆರಳಷ್ಟು ಸಂದಿನಲ್ಲಿ ಗೋಮತಿ ಫೋನಿನ ಬೆಳಕು ಹಿಡಿದಳು.

ಒಳಗಿಂದ ಚಿಲಕ ಹಾಕಿತ್ತು.

ಕಿಟಕಿ ಇಲ್ಲ. ಗೋಡೆ ಹಾಗೇ ಇದೆ, ಆಂಡಿ ಮುಟ್ಟಿ ಮುಟ್ಟಿ ನೋಡಿದ. ಬೀಗ ಮುರಿದಿಲ್ಲ. ಅವನು ಹಾರೆ ಎತ್ತಿದ, ಮುರಿಯಲಾ ಅಂತ. ಮಾದವನ್ ಅವನ ಕೈ ಹಿಡಿದ. "ಬೇಡ ಆಂಡಿ," ಅಂದ. "ಅವ್ವ ಮಲಗಿದ್ದಾಳೆ."

ಆಮೇಲೆ ಯಾರು ಏನಾದರು ಅಂತ ಕೇಳ್ತೀರಿ, ಹೇಳ್ತೀನಿ. ವಿಘ್ನೇಶ್ವರನ್ ತಿರುಪ್ಪೂರಿಗೆ ಹೋದ, ಅಲ್ಲಿ ಗೋಡೆಯೊಳಗೆ ಮಲಗೋಕೆ ಆಗದೆ ಮಳೆಗಾಲದಲ್ಲೂ ತಾರಸಿ ಮೇಲೆ ಮಲಗ್ತಾನಂತೆ. ಹೆಣ್ಣುಮಕ್ಕಳಿಗೆ ಇನ್ನೂ ಕೂಡಿ ಬಂದಿಲ್ಲ. ಆಂಡಿ ಮೇಸ್ತ್ರಿಕೆ ಬಿಡಲಿಲ್ಲ, ಹಳೇ ಗೋಡೆ ಒಡೆಯೋ ಕೆಲಸ ಮಾತ್ರ ಒಪ್ಪಲ್ಲ. ರಂಗಮ್ಮಾಳ್ ಹಾಸಿಗೆಯನ್ನ ಮುಂದಿನ ಜಗಲಿಗೆ ಸಾಗಿಸಿದಳು. ಸಂದಿಯಲ್ಲಿ ಈಗಲೂ ಗೋಡೆಯ ಹೊರಮೈಗೆ ಕಬ್ಬಿಣ ಬಡಿಯೋ ಸದ್ದು, ಒಳಗೆ ಬಿಡಿ ಅನ್ನೋ ಹಾಗೆ. ಗೋಮತಿ ದಿಂಡಿಗಲ್ಲಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದ್ತಾಳೆ. ಮನೆಮಾತು ಈಗ ಚೆನ್ನಾಗಿ ಆಡ್ತಾಳೆ. ಮಾದವನ್, ಪಾಂಡೀಶ್ವರಿ ಬಾಡಿಗೆ ಮನೆಯಲ್ಲೇ ಇದ್ದಾರೆ. ಹಜಾರಕ್ಕೂ ಅಡುಗೆಮನೆಗೂ ನಡುವಿನ ಆ ದಾರಿಯಲ್ಲಿ ಯಾರೂ ನಡೆಯಲ್ಲ, ಹಿತ್ತಲು ಸುತ್ತಿಕೊಂಡು ಹೋಗ್ತಾರೆ.

ಮನೆ ಮಾರೋಕೆ ಹೋದ ತಿಂಗಳು ನೋಡಿದರು. ಕೊಳ್ಳೋರ ಬ್ಯಾಂಕಿನಿಂದ ಅದೇ ಎಂಜಿನಿಯರ್ ಮುತ್ತುಕುಮಾರ್ ಬಂದ. ನಡೆದದ್ದು ಅವನಿಗೆ ಯಾರೂ ಹೇಳಿರಲಿಲ್ಲ. ಒಬ್ಬನೇ ಒಳಗೆ ಹೋಗಿ ಅಳೆದು, ಬರೆದುಕೊಟ್ಟು ಹೋದ. ಆ ಕಾಗದ ಪಾಂಡೀಶ್ವರಿ ಹತ್ತಿರ ಇದೆ. ಬೇಕಿದ್ದವರು ಹೋಗಿ ನೋಡಬಹುದು. ನಂಗೆ ಓದು ಬರಲ್ಲ, ಗೋಮತಿ ಓದಿದ್ದನ್ನ ಕಿವಿಯಾರೆ ಕೇಳಿದ್ದು. ಹೀಗೆ ಬರೆದಿದೆ:

ಮಲಗೋ ಕೋಣೆ ಎರಡು. ಮೂರನೆಯದಕ್ಕೆ ಕಿಟಕಿ ಇಲ್ಲ. ಒಳಗಿಂದ ಚಿಲಕ ಹಾಕಿದೆ. ಮೂರು ಸಲ ತಟ್ಟಿದೆ, ಒಳಗಿದ್ದವರು ತೆಗೆಯಲಿಲ್ಲ.